ಕೃತ್ತಿಕೆಯನ್ನು ಎಣಿಸಿ ನೋಡಿ

ಕಾರ್ತಿಕ ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಎಂಟರ ಹೊತ್ತಿಗೆ ತಾರಸಿ ಹತ್ತಿ ಪೂರ್ವಕ್ಕೆ ಮುಖ ಮಾಡಿದರೆ ಕೃತ್ತಿಕೆ ಆಗಲೇ ಸಾಕಷ್ಟು ಮೇಲೇರಿರುತ್ತದೆ. ನಿಮ್ಮೂರಿನ ಆಕಾಶ ಎಷ್ಟು ಕೆಟ್ಟಿದೆ ಎಂದು ಅಳೆಯಲು ಈ ಪುಟ್ಟ ಗೊಂಚಲೊಂದೇ ಸಾಕು. ಕತ್ತಲು ಚೆನ್ನಾಗಿದ್ದರೆ ಬರಿಗಣ್ಣಿಗೆ ಆರು ನಕ್ಷತ್ರ ಬಿಡಿಬಿಡಿಯಾಗಿ ಕಾಣುತ್ತವೆ. ಕಣ್ಣು ಚುರುಕಾಗಿರುವವರು ಇನ್ನೂ ಒಂದೆರಡನ್ನು ಹೆಕ್ಕುತ್ತಾರೆ. ಬೆಂಗಳೂರಿನ ನಡುಮಧ್ಯೆ ಅದು ಮಸುಕಾದ ಕಲೆ, ಕೆಲವು ರಾತ್ರಿ ಅದೂ ಇಲ್ಲ.

ಎಣಿಸಲು ಅವಸರ ಬೇಡ. ಮೊಬೈಲನ್ನು ಕೆಳಗೇ ಬಿಟ್ಟು ಬಂದು ಅರ್ಧ ಗಂಟೆ ಸುಮ್ಮನೆ ಕೂರಿ. ಕಣ್ಣು ಕತ್ತಲಿಗೆ ಪಳಗಲು ಅಷ್ಟು ಹೊತ್ತು ಬೇಕು. ನಡುವೆ ಯಾರಾದರೂ ಬಿಳಿ ಟಾರ್ಚ್ ಹಾಕಿದರೆ ಮತ್ತೆ ಮೊದಲಿನಿಂದ. ಪಳಗಿದ ಮೇಲೂ ಗೊಂಚಲನ್ನು ದಿಟ್ಟಿಸಬೇಡಿ, ಅದರ ಪಕ್ಕದ ಖಾಲಿ ಜಾಗವನ್ನು ನೋಡಿ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇಲ್ಲ, ಸುತ್ತಲಿವೆ. ಹೀಗೆ ಓರೆಯಾಗಿ ನೋಡುತ್ತಿರುವಾಗ ಅದುವರೆಗೆ ಇಲ್ಲದ ಚುಕ್ಕಿಯೊಂದು ತಟ್ಟನೆ ಮೂಡುತ್ತದೆಯಲ್ಲ, ಆ ಸುಖಕ್ಕೆ ಸಾಟಿಯಿಲ್ಲ.

ಈ ಸುಖವನ್ನು ಕಸಿಯುತ್ತಿರುವುದು ದಾರಿ ತಪ್ಪಿದ ಬೆಳಕು. ಸೋಡಿಯಂ ದೀಪಗಳ ಜಾಗಕ್ಕೆ ಬಂದ ಬಿಳಿ ಎಲ್‌ಇಡಿಗಳಲ್ಲಿ ನೀಲಿಯ ಪಾಲು ಹೆಚ್ಚು. ನೀಲಿ ಬೆಳಕು ಗಾಳಿಯಲ್ಲಿ ಬೇಗ ಚದುರುತ್ತದೆ. ಹಗಲಿನ ಆಕಾಶಕ್ಕೆ ಬಣ್ಣ ಕೊಡುವ ಆ ಗುಣವೇ ರಾತ್ರಿ ಊರಿನ ನೆತ್ತಿಯ ಮೇಲೆ ಬೆಳ್ಳನೆ ಪರದೆ ಕಟ್ಟುತ್ತದೆ.

ಬೆಂಗಳೂರಿಗೆ ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಸುಮಾರು 4,500 ಮೀಟರ್ ಎತ್ತರದ ಆ ಜಾಗದ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಾಗೆಂದು ಹಾನ್ಲೆಯ ಜನ ಕತ್ತಲಲ್ಲಿ ತಡಕಾಡುತ್ತಿಲ್ಲ. ಅವರ ಮನೆಗಳಲ್ಲಿ ದೀಪವಿದೆ, ಕಿಟಕಿಗೆ ದಪ್ಪ ಪರದೆಯಿದೆ, ಹೊರಗಿನ ಬಲ್ಬಿಗೆ ಮುಚ್ಚಿಗೆಯಿದೆ. ಅಲ್ಲಿನ ಯುವಕ ಯುವತಿಯರು ತರಬೇತಿ ಪಡೆದು ಪ್ರವಾಸಿಗರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ. ಕತ್ತಲೆಯಿಂದಲೇ ನಾಲ್ಕು ಕಾಸು ಸಂಪಾದನೆ!

ನನಗೆ ನಗರಕ್ಕಿಂತ ಹೆಚ್ಚು ಚಿಂತೆ ನಮ್ಮ ಹಳ್ಳಿಗಳದ್ದು. ನಗರದ ಆಕಾಶ ಹೋಗಿ ಬಹಳ ಕಾಲವಾಯಿತು. ಹಳ್ಳಿಯದ್ದು ಈಗ ಹೋಗುತ್ತಿದೆ. ಬಸ್ ನಿಲ್ದಾಣದ ವೃತ್ತದಲ್ಲಿ ಹೈಮಾಸ್ಟ್ ಕಂಬವೊಂದು ನಿಂತರೆ, ಅದರ ಓರೆ ಮುಖದ ದೀಪಗಳು ಹೊಲ, ಕೆರೆ, ಆಕಾಶ ಎಲ್ಲದಕ್ಕೂ ಬೆಳಕು ಚೆಲ್ಲುತ್ತವೆ. ಆ ದೀಪ ತೆಗೆಸಿ ಎಂದು ಯಾರೂ ಕೇಳಬೇಕಿಲ್ಲ, ನಾನೂ ಕೇಳುವುದಿಲ್ಲ. ರಾತ್ರಿ ಬಸ್ಸಿಳಿದು ನಡೆಯುವವರಿಗೆ ಅದು ಬೇಕು. ದೀಪದ ಮುಖವನ್ನು ನೆಲಕ್ಕೆ ತಿರುಗಿಸಿ, ಮುಂದಿನ ಸಲ ಬದಲಿಸುವಾಗ 3,000 ಕೆಲ್ವಿನ್‌ಗಿಂತ ಹೆಚ್ಚಿಲ್ಲದ ಹಳದಿ ಛಾಯೆಯದ್ದನ್ನು ಹಾಕಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಮೊದಲನೆಯದಕ್ಕೆ ಹೊಸ ಸಾಮಾನೇನೂ ಬೇಕಿಲ್ಲ, ಪಂಚಾಯಿತಿಯ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.