‘ಸ್ಥಗಿತ’ ಎಂಬ ಶಬ್ದವೂ ಕೆಳಹಾರಾಟದ ಅವಘಡಗಳೂ

ಶಾಸ್ತ್ರದ ಪರಿಭಾಷೆಯನ್ನು ಕನ್ನಡಕ್ಕೆ ತರುವವರು ಶಬ್ದದ ವ್ಯುತ್ಪತ್ತಿಯಲ್ಲಿ ತೋರಿಸುವ ಶ್ರದ್ಧೆಯನ್ನು ಅದು ಓದುಗನ ಮನಸ್ಸಿನಲ್ಲಿ ಮೂಡಿಸುವ ಚಿತ್ರದ ವಿಷಯದಲ್ಲಿ ತೋರಿಸುವುದು ವಿರಳ. ವಿಮಾನಶಾಸ್ತ್ರದ ‘ಸ್ಟಾಲ್’ ಇದಕ್ಕೆ ತಕ್ಕ ನಿದರ್ಶನ. ಅದನ್ನು ‘ಸ್ಥಗಿತ’ವೆಂದು ಬರೆದೊಡನೆ ಎಂಜಿನ್ ನಿಂತಿತೆಂದೇ ವಿದ್ಯಾರ್ಥಿಯು ಭಾವಿಸುತ್ತಾನೆ. ಮೋಟಾರು ಗಾಡಿಗೆ ಆ ಅರ್ಥ ಸಲ್ಲುತ್ತದೆ. ವಿಮಾನವಾದರೋ ಎಂಜಿನ್ ಪೂರ್ಣಶಕ್ತಿಯಿಂದ ಗರ್ಜಿಸುತ್ತಿರುವಾಗಲೇ ‘ಸ್ಟಾಲ್’ ಆಗಬಹುದು.

ರೆಕ್ಕೆಯು ಎದುರುಗಾಳಿಗೆ ಒಡ್ಡಿಕೊಂಡ ಕೋನ ಹೆಚ್ಚಿದಂತೆ ಅದನ್ನು ಎತ್ತುವ ಬಲವೂ ಹೆಚ್ಚುತ್ತದೆ. ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿಯು ಕಿತ್ತುಕೊಂಡು ಸುಳಿಗಟ್ಟುತ್ತದೆ, ಬಲ ಕುಸಿಯುತ್ತದೆ. ಹನೂರು ತಾಲ್ಲೂಕಿನ ಶಾಗ್ಯದ ಬಯಲಿನಲ್ಲಿ ಗಾಳಿಪಟ ಬಿಡುವ ಹುಡುಗನಿಗೆ ಇದರ ಅರ್ಧ ಪಾಠ ಆಗಲೇ ಬಂದಿರುತ್ತದೆ. ಸೂತ್ರ ಕಟ್ಟುವುದರಲ್ಲಿ ತಪ್ಪಿ ಪಟವು ಗಾಳಿಗೆ ಅತಿಯಾಗಿ ಎದೆಯೊಡ್ಡಿದರೆ ಅದು ಏರದೆ ತೊಯ್ದಾಡುವುದನ್ನು ಅವನು ಕಂಡಿದ್ದಾನೆ. ಅವನು ಕಾಲೇಜಿಗೆ ಬಂದಾಗ ನಾವು ‘ಸ್ಥಗಿತ’ವೆಂದು ಹೇಳಿ ಆ ತಿಳಿವನ್ನು ಕೆಡಿಸುತ್ತೇವೆ.

ಇದು ಬರಿಯ ಶಬ್ದಜಿಜ್ಞಾಸೆಯಲ್ಲವೆಂಬುದು ಕೃಷಿವಿಮಾನಗಳ ಅವಘಡಗಳನ್ನು ನೋಡಿದರೆ ತಿಳಿಯುತ್ತದೆ. 1921ರ ಆಗಸ್ಟ್ 3ರಂದು ಅಮೆರಿಕದ ಒಹಾಯೊ ಸಂಸ್ಥಾನದ ಟ್ರಾಯ್ ಬಳಿ ಮೆಕ್ರೆಡಿ ಎಂಬ ಸೇನಾ ವೈಮಾನಿಕನು ಕಟಾಲ್ಪಾ ಮರಗಳ ತೋಪಿಗೆ ಆಕಾಶದಿಂದ ಕೀಟನಾಶಕದ ಪುಡಿ ಎರಚಿದಂದಿನಿಂದ ಈ ಕೆಲಸದ ಕ್ರಮ ಹೆಚ್ಚೇನೂ ಬದಲಾಗಿಲ್ಲ. ಚಾಲಕನು ಬೆಳೆಯ ತಲೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ ಸಾಗಿ, ಹೊಲದ ಅಂಚಿನಲ್ಲಿ ಮೇಲೆದ್ದು, ತಿರುಗಿ ಬರಬೇಕು. ಅಪಾಯವಿರುವುದು ಆ ತಿರುವಿನಲ್ಲಿ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ಓರೆಯಾಗಿ ತಿರುಗುವ ವಿಮಾನದ ರೆಕ್ಕೆ ಅದರ ತೂಕದ ಇಮ್ಮಡಿ ಹೊರೆಯನ್ನು ಹೊರಬೇಕಾಗುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 90 ಕಿಲೋಮೀಟರಿನಲ್ಲಿ ಸೋಲುವ ರೆಕ್ಕೆ ಆಗ ಸುಮಾರು 127ರಲ್ಲಿಯೇ ಸೋಲುತ್ತದೆ. ಔಷಧದ ತೊಟ್ಟಿ ತುಂಬಿದ್ದರೆ ಈ ಅಂಕೆಗಳು ಇನ್ನೂ ಏರುತ್ತವೆ. ಹಿಂಗಾಳಿಯಿದ್ದರೆ ನೆಲ ಬೇಗ ಓಡುವಂತೆ ಕಂಡು, ವೇಗ ಸಾಕಷ್ಟಿದೆಯೆಂಬ ಭ್ರಮೆ ಹುಟ್ಟುತ್ತದೆ. ಸೋತ ರೆಕ್ಕೆಯನ್ನು ಎಬ್ಬಿಸಬೇಕಾದರೆ ವಿಮಾನದ ಮೂತಿಯನ್ನು ತಗ್ಗಿಸಬೇಕು. ನೆಲ ನೂರಿನ್ನೂರು ಅಡಿಯಲ್ಲಿ ಕಾಣುತ್ತಿರುವಾಗ ಯಾವ ಮನುಷ್ಯನ ಕೈ ತಾನಾಗಿ ಹಾಗೆ ಮಾಡೀತು?

ವಿನ್ಯಾಸಕಾರರು ಇದನ್ನು ಬಲ್ಲರು. ಫ್ರೆಡ್ ವೀಕ್ 1950ರಲ್ಲಿ ರೂಪಿಸಿದ ಏಜಿ-1 ವಿಮಾನದಲ್ಲಿ ಚಾಲಕನನ್ನು ತೊಟ್ಟಿಯ ಹಿಂದೆ, ಎತ್ತರದಲ್ಲಿ ಕೂರಿಸಿದರು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ನಿರ್ಮಿಸಿ 1972ರ ಮಾರ್ಚ್ 30ರಂದು ಹಾರಿಸಿದ 400 ಅಶ್ವಶಕ್ತಿಯ ‘ಬಸಂತ್’ ಕೃಷಿವಿಮಾನದಲ್ಲಿಯೂ ಚಾಲಕನ ಆಸನ ಎತ್ತರದಲ್ಲಿತ್ತು. ನಮ್ಮ ನೆಲದಲ್ಲಿಯೇ ಇಂಥ ವಿಮಾನ ಸಿದ್ಧವಾದರೂ ಅದರ ಬಗ್ಗೆ ಮಾತನಾಡಲು ಕನ್ನಡವು ಸಿದ್ಧವಾಗಲಿಲ್ಲವೆಂಬುದು ನಮಗೆ ಸಂಕೋಚದ ವಿಷಯ.

ಆಕಾಶಸಿಂಪಡಣೆಯೆಂದರೆ ಕನ್ನಡಿಗರಿಗೆ ನೆನಪಾಗುವುದು ಕಾಸರಗೋಡಿನ ಗೇರುತೋಟಗಳೂ ಎಂಡೋಸಲ್ಫಾನೂ, ಅದು ನ್ಯಾಯವೇ. ಆದರೆ ಅಲ್ಲಿ ಹಾರಿದ್ದು ಹೆಲಿಕಾಪ್ಟರು, ದುರಂತ ವಿಷದ್ದು. ಅದನ್ನು ಈ ಚರ್ಚೆಯೊಡನೆ ಬೆರೆಸಲಾಗದು.

‘ಸ್ಟಾಲ್’ಗೆ ‘ರೆಕ್ಕೆಸೋಲು’ ಎಂಬುದನ್ನು ನಾವು ಸೂಚಿಸುತ್ತೇವೆ. ನಡೆದು ಕಾಲು ಸೋತಿತೆನ್ನುವ ನಾಡಿನಲ್ಲಿ ಇದು ಹೊಸದಾಗಿ ಕೇಳಿಸದು; ಹೊರೆ ಮಿತಿಮೀರಿತೆಂಬ ಭಾವವೂ ಇದರಲ್ಲಿದೆ. ಗ್ರಾಮ್ಯವೆಂದು ತೋರಿದವರು ‘ಉತ್ಥಾಪನಭಂಗ’ವೆನ್ನಲಿ, ‘ಸ್ಥಗಿತ’ವನ್ನು ಮೋಟಾರು ಗಾಡಿಗೇ ಬಿಟ್ಟುಕೊಟ್ಟರೆ ನಮ್ಮ ತಕರಾರಿಲ್ಲ.