ಸದ್ದು ಹೋದತ್ತ ದೋಣಿ

ಮೀನು ಹುಡುಕಲು ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬಬೇಕಾದ ನದಿ, ನಾನು ಕಂಡಂತೆ, ಒಂದೇ: ಬೋಟ್ಸ್ವಾನದ ವಾಯವ್ಯ ಮೂಲೆಯ ಒಕವಾಂಗೊ. ಅಂಗೋಲದ ಎತ್ತರದ ಸೀಮೆಯಲ್ಲಿ ಹುಟ್ಟಿ ಬರುವ ಈ ನದಿಗೆ ಕಡಲಿನ ಋಣವಿಲ್ಲ. ಕಲಹಾರಿಯ ಮರಳಿನ ಮೇಲೆ ನೂರೆಂಟು ಕವಲಾಗಿ ಹರಡಿ, ಅಲ್ಲೇ ಇಂಗಿ, ಅಲ್ಲೇ ಆವಿಯಾಗಿ ಮುಗಿಯುತ್ತದೆ. 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸಾವಿರನೆಯ ತಾಣವಾಗಿ ಸೇರಿದ್ದು ಈ ಒಕವಾಂಗೊ ಡೆಲ್ಟಾ. ಆನೆ, ಸಿಂಹ ನೋಡುವವರ ವಿಮಾನ ಇಳಿಯುವುದು ಅಲ್ಲಿಗೆ. ಗಾಳದವರಿಗೆ ಬೇಕಾದದ್ದು ಅದಕ್ಕೂ ಮೇಲೆ, ಹರಡಿಕೊಳ್ಳುವ ಮುನ್ನ ನದಿ ಶಕಾವೆ, ಸೆಪೋಪದ ಕಡೆ ಬಳಸಿ ಬಳಸಿ ಹರಿಯುವ ಭಾಗ.

ಇಲ್ಲಿನ ಪಂಚಾಂಗವೇ ಬೇರೆ. ಅಂಗೋಲದ ಮಳೆ ತಿಂಗಳುಗಟ್ಟಲೆ ನಡೆದು ಬಂದು, ಇಲ್ಲಿ ಮಳೆ ಮುಗಿದ ಮೇಲೆ, ಏಪ್ರಿಲ್ ಹೊತ್ತಿಗೆ ನೆರೆಯಾಗುತ್ತದೆ. ನೀರು ಬಯಲಿಗೆ ನುಗ್ಗಿದಾಗ ಸಣ್ಣ ಮೀನುಗಳೂ ಜತೆಗೆ ಹೋಗಿ, ಹುಲ್ಲಿನ ನಡುವೆ ಮೇಯ್ದು ಬಲಿಯುತ್ತವೆ. ಆಗಸ್ಟ್ ಕಳೆದು ನೀರಿಳಿಯತೊಡಗಿದರೆ ಆ ಸಂಸಾರವೆಲ್ಲ ಮುಖ್ಯ ಪಾತ್ರಕ್ಕೆ ವಾಪಸ್. ಅಲ್ಲಿ ಅಡಗಲು ಇರುವುದು ದಡದುದ್ದಕ್ಕೂ ಒತ್ತಾಗಿ ನಿಂತ ಪಪೈರಸ್ ಜೊಂಡಿನ ಬೇರಿನ ಸಂದಿ ಮಾತ್ರ. ಈ ಗುಟ್ಟು ಕ್ಯಾಟ್‌ಫಿಶ್‌ಗೆ ಗೊತ್ತು. ನೂರು, ಸಾವಿರದ ಲೆಕ್ಕದಲ್ಲಿ ಗುಂಪುಗೂಡಿ, ಜೊಂಡಿನ ಅಂಚು ಹಿಡಿದು, ಹರಿವಿಗೆ ಎದುರಾಗಿ ಹೊರಡುತ್ತವೆ. ಬಾಲದಿಂದ ಬೇರಿಗೆ ಬಡಿಯುತ್ತವೆ, ಹೊರಬಿದ್ದದ್ದನ್ನು ನುಂಗುತ್ತವೆ, ನಡುನಡುವೆ ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತವೆ. ಈ ಬಡಿತ, ಲೊಚಲೊಚ, ಜೊಂಡಿನ ಸರಸರ ಮೂರೂ ಸೇರಿದ ಸದ್ದು ತಿರುವಿನ ಆಚೆಯಿಂದಲೇ ಕೇಳುತ್ತದೆ. ಕ್ಯಾಟ್‌ಫಿಶ್‌ಗಳ ಈ ಗುಂಪುಬೇಟೆಗೇ ಬಾರ್ಬೆಲ್ ರನ್ ಎಂದು ಹೆಸರು. ಎಂಜಿನ್ ಆರಿಸಿ, ಬಾಯಿ ಮುಚ್ಚಿ ಕೂರುವುದು ಬೆಳಗಿನ ಮೊದಲ ಕೆಲಸ. ನಮ್ಮ ದೋಣಿಯವನು ಸೆಟ್ಸ್ವಾನದ ಮರ್ಯಾದೆಯ ಕರೆಯಲ್ಲಿ ‘ಕೇಳಿಸಿತೇ, ರ್ರಾ?’ ಎಂದು ಕೈಯೆತ್ತಿದಾಗ ನನಗೆ ಕೇಳಿಸುತ್ತಿದ್ದದ್ದು ಮಿಂಚುಳ್ಳಿಯ ಕೂಗೊಂದೇ.

ನಮ್ಮ ಕಡೆ ಈ ಕ್ಯಾಟ್‌ಫಿಶ್‌ಗೆ ಒಳ್ಳೆಯ ಹೆಸರಿಲ್ಲ. ರನ್ನಿನ ಮುಂದಾಳು ಕ್ಲೇರಿಯಸ್ ಗೆರಿಪೈನಸ್, ಅಂದರೆ ಭಾರತದಲ್ಲಿ ಸಾಕುವುದನ್ನೇ ನಿಷೇಧಿಸಿರುವ ಅದೇ ಆಫ್ರಿಕನ್ ಕ್ಯಾಟ್‌ಫಿಶ್. ಕದ್ದು ಸಾಕಿದ ಹೊಂಡಗಳ ಮೇಲೆ ಅಧಿಕಾರಿಗಳು ದಾಳಿ ಮಾಡಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಕೋಳಿ ಅಂಗಡಿಯ ತ್ಯಾಜ್ಯ ತಿಂದು ಕೊಬ್ಬುವ, ಕೆರೆಗೆ ಬಿದ್ದರೆ ನಮ್ಮ ಮೀನುಗಳನ್ನು ಉಳಿಸದ ಪ್ರಾಣಿ ಅದು. ತವರಿನಲ್ಲಿ ಅದರ ಗತ್ತೇ ಬೇರೆ. ಬೇರಿನ ಸಂದಿಯಲ್ಲಿ ಅಡಗುವವುಗಳಲ್ಲಿ ಬುಲ್‌ಡಾಗ್ ಎಂಬ ಮೊಂಡು ಮೂತಿಯ ಮೀನು ಬಹಳ. ಕತ್ತಲಲ್ಲಿ ದಾರಿ ತಿಳಿಯಲು, ತನ್ನವರನ್ನು ಗುರುತಿಸಲು ಅದು ಮೈಯಿಂದ ಸಣ್ಣ ವಿದ್ಯುತ್ ಮಿಡಿತ ಹೊರಡಿಸುತ್ತದೆ. ಚುಟುಕು ಮಿಡಿತ ಕ್ಯಾಟ್‌ಫಿಶ್‌ಗೆ ಗೊತ್ತಾಗುವುದು ಕಷ್ಟ. ಪ್ರಾಯಕ್ಕೆ ಬಂದ ಗಂಡಿನ ಮಿಡಿತ ಉದ್ದ; ಅದು ಗೊತ್ತಾಗುತ್ತದೆಂದು ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ. ಹೆಣ್ಣಿಗೆಂದು ಕೊಟ್ಟ ಸನ್ನೆ ಯಮನಿಗೂ ತಲುಪಿತು, ಪಾಪ.

ರನ್ನಿಗೆ ಬಿಟ್ಟಿ ಊಟದವರು ಬಹಳ. ಬೆಳ್ಳಕ್ಕಿ, ಬಕಗಳು ಜೊಂಡಿನ ತಲೆಯ ಮೇಲೆ ಹಾರಿ ಹಾರಿ ಮುಂದೆ ಕೂರುತ್ತವೆ. ಸದ್ದು ತಪ್ಪಿದರೆ ಬಿಳಿ ಹಕ್ಕಿ ನೋಡಿ ದೋಣಿ ತಿರುಗಿಸಬಹುದು. ಮೊಸಳೆಗೆ ಕ್ಯಾಟ್‌ಫಿಶ್ಶೇ ಊಟ. ಸ್ವಲ್ಪ ಹೊರಗೆ, ಆಳದ ಅಂಚಿನಲ್ಲಿ, ತಪ್ಪಿಸಿಕೊಂಡು ಬರುವ ಮೀನಿಗಾಗಿ ಟೈಗರ್‌ಫಿಶ್ ಕಾದಿರುತ್ತದೆ. ಪಂಕ್ತಿಯ ಕೊನೆಯಲ್ಲಿ, ಆ ಟೈಗರ್‌ಫಿಶ್‌ಗಾಗಿ ಬಂದ ನಾವು.

ಹೊಸಬರು ಗದ್ದಲದ ನಡುವಿಗೇ ಎಸೆಯುತ್ತಾರೆ. ಕ್ಯಾಟ್‌ಫಿಶ್ ಕಚ್ಚಿಕೊಂಡು, ಅದನ್ನು ಎಳೆದು ಬಿಡಿಸುವಷ್ಟರಲ್ಲಿ ರನ್ ಮುಂದೆ ಹೋಗಿರುತ್ತದೆ. ಎಸೆಯಬೇಕಾದದ್ದು ಎರಡು ಮೂರು ಮಾರು ಹೊರಗೆ. ಫ್ಲೈ ಫಿಶಿಂಗ್‌ನಲ್ಲಿ ಆ ಎಸೆತವೇ ಅರ್ಧ ವಿದ್ಯೆ, ಏಕೆಂದರೆ ತೂಕವಿರುವುದು ಗಾಳದಲ್ಲಲ್ಲ, ದಾರದಲ್ಲಿ. ಮುಳ್ಳಿಗೆ ಕಟ್ಟಿದ ರೋಮ, ಪುಕ್ಕ, ಅಂದರೆ ಫ್ಲೈ, ತಾನಾಗಿ ಎಷ್ಟು ದೂರ ಹೋದೀತು? ದಪ್ಪ ದಾರವನ್ನು ಒಂಬತ್ತಡಿ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ಅದು ಬಿಚ್ಚಿಕೊಳ್ಳುವ ರಭಸದಲ್ಲೇ ಫ್ಲೈ ಸಾಗಬೇಕು. ಕಾವೇರಿಯಲ್ಲಿ ರಾಗಿಹಿಟ್ಟಿನ ಉಂಡೆ ಸಿಕ್ಕಿಸಿ ಮಹಶೀರ್‌ಗೆ ತಾಸುಗಟ್ಟಲೆ ಕಾದವರಿಗೆ ಈ ಬಿಡುವಿಲ್ಲದ ಬೀಸಾಟ ಹುಚ್ಚೆನಿಸೀತು. ನನ್ನ ಆಯ್ಕೆ 9 ನಂಬರಿನ ಕೋಲು, ಬೇಗ ಮುಳುಗುವ ದಾರ, ತುದಿಗೆ ಗೇಣುದ್ದ ಉಕ್ಕಿನ ತಂತಿ. ತಂತಿಯಿಲ್ಲದಿದ್ದರೆ ಮೊದಲ ಕಚ್ಚಿಗೇ ಫ್ಲೈ ನದಿಪಾಲು. ಯಾವ ಫ್ಲೈ ಎಂಬ ಜಗಳ ಸಂಜೆ ಬೆಂಕಿಯ ಮುಂದೆ ತೀರುವುದೇ ಇಲ್ಲ. ಪೆನ್ಸಿಲ್ವೇನಿಯದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಅಲ್ಲಿನ ಬಾಸ್ ಮೀನಿಗೆಂದು ಕಟ್ಟಿದ, ಕಣ್ಣಿನ ಜಾಗದಲ್ಲಿ ಸೀಸದ ಗುಂಡಿರುವ ಕ್ಲೌಸರ್ ಮಿನ್ನೊ, ಕಪ್ಪು ಬಣ್ಣದ್ದು, ಸಾಕೆನ್ನುವವನು ನಾನು. ಉಳಿದ ಬಣ್ಣಗಳಿಂದ ಲಾಭ ಅಂಗಡಿಯವರಿಗೆ.

ದಾರವನ್ನು ಎಡಗೈಯಿಂದ ಗೇಣುಗೇಣಾಗಿ ಎಳೆದುಕೊಳ್ಳುತ್ತಿರುವಾಗ ಮೀನು ಹೊಡೆಯುತ್ತದೆ, ಬೆರಳು ಉರಿಯುವಂತೆ ದಾರ ಓಡುತ್ತದೆ. ಆಗ ಕೋಲೆತ್ತಿದಿರೋ ಕೆಟ್ಟಿರಿ. ಟ್ರೌಟ್ ಹಿಡಿದು ಪಳಗಿದವರೆಲ್ಲ ಕೋಲೆತ್ತುವವರೇ. ಟೈಗರ್‌ಫಿಶ್‌ನ ಬಾಯೆಲ್ಲ ಮೂಳೆ, ಮುಳ್ಳು ನಾಟಲು ಮೆದು ಜಾಗ ಸಿಗುವುದೇ ಅಪರೂಪ. ಕೋಲಿನ ತುದಿಯನ್ನು ನೀರಿಗೆ ತಾಗಿಸಿಟ್ಟು, ಎಡಗೈಯಿಂದ ಒಮ್ಮೆ ಜಗ್ಗಿ, ಇನ್ನೊಮ್ಮೆ ಜಗ್ಗಬೇಕು. ಅಷ್ಟಾದರೂ ಅದು ನೀರಿನಿಂದ ಆಚೆ ನೆಗೆದು, ತಲೆ ಕೊಡವಿ, ಫ್ಲೈಯನ್ನು ನಿಮ್ಮತ್ತಲೇ ಉಗಿಯುವುದುಂಟು. ಹೆಚ್ಚಿನ ಸಲ ಆಗುವುದು ಅದೇ.

ದೋಣಿಗೆ ಬಂದದ್ದನ್ನು ನೋಡಿ: ಬೆಳ್ಳಿ ಮೈ, ಉದ್ದಕ್ಕೂ ಕಪ್ಪು ಗೆರೆ, ಕಿತ್ತಳೆಗೆಂಪು ಬಾಲ. ಬಾಯಿ ಮುಚ್ಚಿದರೂ ಹಲ್ಲು ಹೊರಗೇ, ಮೇಲಿನದು ಕೆಳಗಿನದರ ಸಂದಿಗೆ ಕೂತು. ಇಕ್ಕಳವಿಲ್ಲದೆ ಮುಳ್ಳು ಬಿಡಿಸಲು ಹೋಗಬೇಡಿ. ದಕ್ಷಿಣ ಆಫ್ರಿಕದ ಶ್ರೋಡ ಅಣೆಕಟ್ಟೆಯಲ್ಲಿ ಇದೇ ಜಾತಿಯ ಮೀನು, ನೀರಿನ ಮೇಲೆ ಹಾರಿಹೋಗುತ್ತಿದ್ದ ಕವಲುತೋಕೆ ಹಕ್ಕಿಗಳನ್ನು ಗಾಳಿಯಲ್ಲೇ ಹಿಡಿಯುವುದನ್ನು ಸಂಶೋಧಕರು ಚಿತ್ರೀಕರಿಸಿದ್ದಾರೆ. ಅದಕ್ಕೂ ಮುಂಚೆ ಹಾಗೆ ಹೇಳುತ್ತಿದ್ದ ಬೆಸ್ತರನ್ನು ಎಷ್ಟೋ ಜನ ನಕ್ಕು ಕಳಿಸಿದ್ದರು.

ತೂಕದ ಹುಚ್ಚಿನವರು ಇಲ್ಲಿಗೆ ಬರುವುದು ಬೇಡ. ಒಕವಾಂಗೊದಲ್ಲಿ ನಾಲ್ಕೂವರೆ ಕಿಲೊ ಸಿಕ್ಕರೆ ಹಬ್ಬ. ಅದಕ್ಕಿಂತ ದೊಡ್ಡದು ಬೇಕಾದವರಿಗೆ ಕರೀಬಾ ಜಲಾಶಯವಿದೆ, ರಾಕ್ಷಸ ಗಾತ್ರವೇ ಬೇಕಾದರೆ ಕಾಂಗೊದ ಗೋಲಿಯತ್ ಟೈಗರ್‌ಫಿಶ್ ಇದೆ. ಇಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೋಲು ಪಕ್ಕಕ್ಕಿಟ್ಟು ರನ್ ನೋಡುತ್ತ ಕೂತ ಹೊತ್ತು. ಅಷ್ಟು ಖರ್ಚು ಮಾಡಿ ಹೋಗಿ ಸುಮ್ಮನೆ ಕೂರುವುದೇ ಎಂದು ಮನೆಯವರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ಹೋಗುವುದಾದರೆ ಸೆಪ್ಟೆಂಬರ್, ಅಕ್ಟೋಬರ್. ಅಕ್ಟೋಬರಿನ ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿಕೊಳ್ಳದೆ ಗತಿಯಿಲ್ಲ. ಜನವರಿ, ಫೆಬ್ರುವರಿಯಲ್ಲಿ ಬೋಟ್ಸ್ವಾನದಲ್ಲಿ ಮೀನು ಹಿಡಿಯುವಂತಿಲ್ಲ. ನೀರು ಎಷ್ಟು ಬಂತು, ಎಷ್ಟು ಬೇಗ ಇಳಿಯಿತು ಎಂಬುದರ ಮೇಲೆ ರನ್ ವಾರಗಟ್ಟಲೆ ಹಿಂದೆ ಮುಂದೆ ಆಗುತ್ತದೆ. ಇಂಥ ದಿನ ಇಂಥ ತಿರುವಿನಲ್ಲಿ ತೋರಿಸುತ್ತೇವೆ ಎಂದು ಬುಕಿಂಗ್ ಮಾಡುವಾಗಲೇ ಮಾತು ಕೊಡುವವರಿದ್ದರೆ ಅವರಿಗೆ ಮುಂಗಡ ಕೊಡಬೇಡಿ.