ಅಭಿಧಮ್ಮದ ಚಿತ್ತವಿಚಾರ

ಪಾಳಿ ಅಭಿಧಮ್ಮಪಿಟಕದ ಮೊದಲ ಗ್ರಂಥವಾದ ‘ಧಮ್ಮಸಂಗಣಿ’ಯನ್ನು 1900ರಲ್ಲಿ ಇಂಗ್ಲಿಷಿಗೆ ತಂದ ಕ್ಯಾರೊಲಿನ್ ರೀಸ್ ಡೇವಿಡ್ಸ್ ಅವರು ಅದನ್ನು ಬೌದ್ಧರ ಮನೋನೀತಿಯ ಕೈಪಿಡಿಯೆಂದು ಕರೆದರು. ಇಂದಿನ ವಿದ್ಯಾರ್ಥಿಯಾದರೋ ಆ ಹೆಸರಿನ ಮನಸ್ಸನ್ನು ಹಿಡಿದು ನೀತಿಯನ್ನು ಕೈಬಿಟ್ಟು, ಗ್ರಂಥವನ್ನು ಮನಶ್ಶಾಸ್ತ್ರದ ಪೂರ್ವರೂಪವೆಂದಷ್ಟೇ ಓದುತ್ತಾನೆ. ಆದರೆ ಗ್ರಂಥ ಮೊದಲಾಗುವುದೇ ಕುಶಲ, ಅಕುಶಲ, ಅವ್ಯಾಕೃತವೆಂಬ ವಿಂಗಡಣೆಯಿಂದ. ಮುಂದೆ ಅನುರುದ್ಧಾಚಾರ್ಯರ ‘ಅಭಿಧಮ್ಮತ್ಥಸಂಗಹ’ವು 89 ಚಿತ್ತಗಳನ್ನು ಎಣಿಸುತ್ತದೆ, ಚಿತ್ತವೆಂದರೆ ಇಲ್ಲಿ ಕ್ಷಣಮಾತ್ರ ಹುಟ್ಟಿ ಅಳಿಯುವ ಅರಿವು. ಅಕುಶಲಚಿತ್ತಗಳು 12, ಅವುಗಳಲ್ಲಿ ಲೋಭಮೂಲವಾದವೇ 8. ಪಟ್ಟಿ ನೀರಸವೆಂಬ ಆಕ್ಷೇಪ ನಿರಾಧಾರವೇನಲ್ಲ. ಆದರೂ ಲೋಭವು ತಾನಾಗಿ ಮೂಡಿತೇ, ಪ್ರೇರಣೆಯಿಂದ ಮೂಡಿತೇ, ಸಂತೋಷದೊಡನೆ ಬಂದಿತೇ, ಉಪೇಕ್ಷೆಯೊಡನೆ ಬಂದಿತೇ ಎಂದು ಬಿಡಿಸಿ ನೋಡುವ ಸೂಕ್ಷ್ಮತೆ ಸಾಧಕನಿಗಾಗಿ ಹುಟ್ಟಿದುದು, ಕಳೆಯಬೇಕಾದುದನ್ನು ಗುರುತಿಸಲೆಂದೇ. ಪರೀಕ್ಷೆಗಾಗಿ ಪಟ್ಟಿಯನ್ನು ಬಾಯಿಪಾಠ ಮಾಡುವವನು ತನ್ನ ಲೋಭ ಈ ಎಂಟರಲ್ಲಿ ಯಾವುದೆಂದು ಕೇಳಿಕೊಳ್ಳುವುದೇ ಇಲ್ಲ.